ಇಪ್ಪತ್ತೆಂಟರ ಚೀಟಿ

ಓರಗಿತ್ತಿಯರಿಬ್ಬರು ಒಂದೇ ಸೂರಿನಡಿ ಇದ್ದರೆ ಒಲೆ ಹಚ್ಚುವ ಖರ್ಚಿಲ್ಲ ಎಂದು ಮಾವ ತಮಾಷೆ ಮಾಡುತ್ತಿದ್ದರು. ಚಿಕ್ಕ ಸೊಸೆ ನಗುತ್ತಿದ್ದಳು. ದೊಡ್ಡ ಸೊಸೆ ನಗುತ್ತಿರಲಿಲ್ಲ, ಏಕೆಂದರೆ ಉರಿಯುತ್ತಿದ್ದದ್ದು ಅವಳ ಹೊಟ್ಟೆ.

ಮಾವನದು ನೀರೊಳಗಿನ ಕೆಲಸ ಮಾಡುವ ಪುಟ್ಟ ಕಂಪನಿ. ಹಡಗಿನ ತಳ ಕೆರೆಯುವುದು, ಸರಪಳಿ ಬದಲಿಸುವುದು, ಬಿದ್ದದ್ದನ್ನು ಹುಡುಕುವುದು. ಬಂದರಿನ ಹಿಂದೆ ಒಂದು ತಗಡಿನ ಶೆಡ್ಡು, ಒಂದು ದೋಣಿ. ದೋಣಿ ನಡೆಸುವವನು ದೊಡ್ಡವಳ ಗಂಡ. ಹದಿನಾಲ್ಕು ವರ್ಷ ನೀರಿಗಿಳಿಯುತ್ತಿದ್ದವಳು ದೊಡ್ಡವಳು. ಯಾವ ಆಳದಲ್ಲಿ ಎಷ್ಟು ನಿಮಿಷ ಎಂಬ ಲೆಕ್ಕದ ಕೋಷ್ಟಕವನ್ನು ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಕೈಗೆ ಕಟ್ಟಿಕೊಂಡು ಇಳಿಯುತ್ತಿದ್ದಳು. ಒಂದು ನಿಮಿಷವೂ ಆಚೀಚೆ ಆಗುತ್ತಿರಲಿಲ್ಲ.

ಆದರೂ ಮೂರು ವರ್ಷದ ಹಿಂದೆ ಒಂದು ಸಂಜೆ ಅವಳ ಭುಜ ಹಿಡಿದುಕೊಂಡಿತು, ಕಾಲು ಜೋಮು ಹಿಡಿಯಿತು. ಆಳದಲ್ಲಿ ಉಸಿರಾಡಿದ ನೈಟ್ರೋಜನ್ ಒತ್ತಡಕ್ಕೆ ಮೈಯೊಳಗೆ ಇಂಗುತ್ತದೆ. ನಿಂತು ನಿಂತು ಮೇಲೆ ಬಂದರೆ ಉಸಿರಿನಲ್ಲೇ ಹೋಗುತ್ತದೆ, ಅವಸರ ಮಾಡಿದರೆ ಸೋಡಾ ಬಾಟಲಿ ಬಿಚ್ಚಿದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಅವಳು ಅವಸರ ಮಾಡಿರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಹುಟ್ಟಿನಿಂದಲೇ ಹೃದಯದ ಗೋಡೆಯಲ್ಲಿ ಸಣ್ಣ ತೂತಿದೆ, ಶ್ವಾಸಕೋಶ ಸೋಸಬೇಕಾದ ಗುಳ್ಳೆ ಅದರಲ್ಲಿ ನುಸುಳಿದೆ, ಇನ್ನು ನೀರಿಗಿಳಿಯಬೇಡಿ ಎಂದರು. ತಪ್ಪು ಮಾಡಿ ಕೆಲಸ ಕಳೆದುಕೊಂಡವರು ತಮ್ಮನ್ನು ತಾವೇ ಬೈದುಕೊಳ್ಳಬಹುದು. ಇವಳು ಯಾರನ್ನು ಬೈಯಬೇಕು?

ಬೈಯಲು ಒಬ್ಬಳು ಸಿಕ್ಕಳು. ಅದೇ ವರ್ಷ ಮೈದುನ ಮದುವೆಯಾದ ಹುಡುಗಿ ಈ ವಿದ್ಯೆ ಕಲಿತೇ ಬಂದಿದ್ದಳು. ಹದಿನಾಲ್ಕು ವರ್ಷ ಕೈ ಕೆಸರು ಮಾಡಿಕೊಂಡವಳು ದೊಡ್ಡವಳು, ಮೊಸರು ಚಿಕ್ಕವಳ ಬಾಯಿಗೆ. ಅವಳ ಮಣಿಕಟ್ಟಿಗೆ ಕಂಪ್ಯೂಟರ್ ಗಡಿಯಾರ, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕೆಂದು ಅದೇ ಹೇಳುತ್ತಿತ್ತು. ದೊಡ್ಡವಳ ರಬ್ಬರಿನ ಉಡುಪನ್ನು ಮಾವ ಚಿಕ್ಕವಳಿಗೆ ಕೊಟ್ಟರು. ಆ ಮಹಾರಾಯಿತಿ ಅದರ ನಡುವನ್ನು ನಾಲ್ಕು ಬೆರಳು ಕಿರಿದು ಮಾಡಿಸಿಕೊಂಡು ಬಂದಳು. ಹೃದಯದ ತೂತನ್ನಾದರೂ ದೊಡ್ಡವಳು ಕ್ಷಮಿಸಿಯಾಳು, ಆ ನಾಲ್ಕು ಬೆರಳನ್ನು ಕ್ಷಮಿಸಲಿಲ್ಲ.

ಈಗ ದೊಡ್ಡವಳ ಕೆಲಸ ಸಿಲಿಂಡರ್ ತುಂಬುವುದು. ಸಾದಾ ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಇಪ್ಪತ್ತೊಂದು ಭಾಗ. ಅದನ್ನು ಹೆಚ್ಚಿಸಿದರೆ ನೈಟ್ರೋಜನ್ ಕಡಿಮೆಯಾಗುತ್ತದೆ, ಮೇಲೆ ಬರುವಾಗ ಕಾಯುವ ಹೊತ್ತೂ ಕಡಿಮೆಯಾಗುತ್ತದೆ. ಆದರೆ ಅತಿಯಾದರೆ ಆ ಆಕ್ಸಿಜನ್ನೇ ಆಳದಲ್ಲಿ ವಿಷ, ಮುನ್ಸೂಚನೆಯಿಲ್ಲದೆ ಫಿಟ್ಸ್ ಬರುತ್ತದೆ, ಬಾಯಿಂದ ನಳಿಕೆ ಬಿದ್ದುಹೋಗುತ್ತದೆ. ಹಾಗಾಗಿ ತುಂಬಿದವರು ಮೀಟರಿನಲ್ಲಿ ಅಳೆದು, ಭಾಗ ಎಷ್ಟು, ಎಷ್ಟು ಆಳದವರೆಗೆ ಎಂದು ಚೀಟಿ ಬರೆದು ಅಂಟಿಸಬೇಕು. ಉಸಿರಾಡುವವರು ತಾವೂ ಅಳೆದು ಸಹಿ ಹಾಕಬೇಕು. ಇದು ಈ ಕಸುಬಿನ ಮೊದಲ ಪಾಠ.

ಚಿಕ್ಕವಳು ಅಳೆಯುತ್ತಿರಲಿಲ್ಲ. ಮೊದಲ ದಿನ ಮೀಟರಿಗೆ ಕೈ ಹಾಕಿದಾಗ ದೊಡ್ಡವಳು, "ನೀನು ಹುಟ್ಟೋಕೆ ಮುಂಚೆಯಿಂದ ನಾನು ಸಿಲಿಂಡರ್ ನೋಡಿದೀನಿ ಕಣೇ" ಎಂದು ಉತ್ಪ್ರೇಕ್ಷೆ ಮಾಡಿ ಎದ್ದು ಹೋಗಿದ್ದಳು. ಅಂದಿನಿಂದ ಚಿಕ್ಕವಳು "ನೀವು ನೋಡಿದ ಮೇಲೆ ನಾನೇನು ನೋಡೋದು ಅಕ್ಕಾ" ಎಂದು ಕಣ್ಣು ಮುಚ್ಚಿ ಸಹಿ ಹಾಕಿ ಹೋಗುತ್ತಿದ್ದಳು. ತಪ್ಪು ಎಂದು ದೊಡ್ಡವಳಿಗೆ ಗೊತ್ತಿತ್ತು. ಆದರೂ ದಿನದಲ್ಲಿ ಆ ಒಂದು ಗಳಿಗೆ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಏನೇ ಮೆರೆದರೂ ಅವಳ ಉಸಿರು ನನ್ನ ಕೈಯಲ್ಲಿ.

ಆ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಮಾವ, "ದೊಡ್ಡ ಬೋಯದ ಸರಪಳಿ ಬದಲಿಸಬೇಕಂತೆ. ಮೂವತ್ತೆಂಟು ಮೀಟರ್. ಚಿಕ್ಕವಳು ಇಳೀತಾಳೆ" ಎಂದರು.

ಬೋಯ ಅಂದರೆ ಹಡಗುಗಳಿಗೆ ದಾರಿ ತೋರಿಸುತ್ತಾ ತೇಲುವ ದೀಪ. ಅದರ ಸರಪಳಿಯನ್ನು ತಳದಲ್ಲಿ ಹಿಡಿದಿಟ್ಟ ಕಾಂಕ್ರೀಟ್ ಗುಂಡನ್ನು ಕೂರಿಸಿದವಳು ದೊಡ್ಡವಳು. ಅವಳು ಇಳಿದ ಅತಿ ದೊಡ್ಡ ಆಳ ಅದು.

"ಅಕ್ಕಾ, ಆ ಗುಂಡಿನ ಯಾವ ಪಕ್ಕ ಕೊಂಡಿ ಇದೆ?" ಎಂದು ಚಿಕ್ಕವಳು ಕೇಳಿದಳು.

"ಇಳಿದರೆ ಕಾಣುತ್ತೆ" ಎಂದಳು ದೊಡ್ಡವಳು.

ಶೆಡ್ಡಿಗೆ ಬಂದು ಎರಡು ಸಿಲಿಂಡರ್ ತುಂಬಿದಳು. ಒಂದು ಈಗಿನ ಆಳದ ಕೆಲಸಕ್ಕೆ ಇಪ್ಪತ್ತೆಂಟು ಭಾಗದ್ದು. ಇನ್ನೊಂದು ಮಧ್ಯಾಹ್ನ ಹಡಗಿನ ತಳ ಕೆರೆಯಲಿಕ್ಕೆ ನಲವತ್ತು ಭಾಗದ್ದು, ಅದು ಇಪ್ಪತ್ತೈದು ಮೀಟರ್ ದಾಟಬಾರದು. ಎರಡನ್ನೂ ಅಳೆದಳು, ಎರಡು ಚೀಟಿ ಬರೆದಳು. ಕೈ ಚೀಟಿ ಅಂಟಿಸುತ್ತಿತ್ತು, ಮನಸ್ಸು ಮೂವತ್ತೆಂಟು ಮೀಟರ್ ಕೆಳಗೆ ತನ್ನ ಗುಂಡಿನ ಸುತ್ತ ತಿರುಗುತ್ತಾ ಹಲ್ಲು ಕಡಿಯುತ್ತಿತ್ತು. ಚಿಕ್ಕವಳು ಬಂದಳು, ಸಹಿ ಹಾಕಿದಳು, ಸಿಲಿಂಡರ್ ಹೊತ್ತು ಹೋದಳು. ದೋಣಿ ಹೊರಟಿತು.

ಮುಕ್ಕಾಲು ಗಂಟೆ ಕಳೆದಿರಬೇಕು. ಮೀಟರನ್ನು ಪೆಟ್ಟಿಗೆಗೆ ಇಡುವ ಮೊದಲು ಉಳಿದ ಸಿಲಿಂಡರಿಗೆ ಇನ್ನೊಮ್ಮೆ ಹಿಡಿದಳು. ಚೀಟಿಯಲ್ಲಿ ನಲವತ್ತು, ಮೀಟರಿನಲ್ಲಿ ಇಪ್ಪತ್ತೆಂಟು. ಮತ್ತೆ ಹಿಡಿದಳು. ಇಪ್ಪತ್ತೆಂಟೇ. ಚೀಟಿಗಳು ಅದಲುಬದಲಾಗಿದ್ದವು, ವಿಷ ದೋಣಿಯಲ್ಲಿತ್ತು.

ವಾಕಿಟಾಕಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕೈಗೆ ತೆಗೆದುಕೊಂಡಳು. ಸುಳ್ಳು ಏಕೆ ಹೇಳಬೇಕು, ಗುಂಡಿ ಒತ್ತುವ ಮುಂಚೆ ಬೆರಳು ಒಂದು ಕ್ಷಣ ನಿಂತಿತು. ಅವಳು ಸಾಯಲಿ ಎಂದಲ್ಲ, ದೇವರಾಣೆ ಅಲ್ಲ. ಬಂದರಿನ ಅರ್ಧ ಜನ ಅದೇ ಚಾನೆಲ್ಲಿನಲ್ಲಿ ಕಿವಿಯಿಟ್ಟಿರುತ್ತಾರೆ. ಉಳಿದಿದ್ದ ಒಂದೇ ಒಂದು ಮರ್ಯಾದೆ, ಅಳತೆಯಲ್ಲಿ ತಪ್ಪದವಳು ಎಂಬುದು, ಅದೂ ಹೋಗುತ್ತಿತ್ತು. ಅಷ್ಟೇ ಹೊತ್ತು. ಆಮೇಲೆ ಒತ್ತಿದಳು.

"ಅವಳನ್ನ ಇಳಿಸಬೇಡಿ. ನಾನು ಚೀಟಿ ತಪ್ಪಾಗಿ ಅಂಟಿಸಿದೀನಿ. ಅದರಲ್ಲಿರೋದು ನಲವತ್ತು. ತಪ್ಪು ನಂದು."

ಗಂಡನ ದನಿ ಬಂತು. "ಅವಳು ಇಳಿದು ಹತ್ತು ನಿಮಿಷ ಆಯ್ತಲ್ಲೇ."

ದೊಡ್ಡವಳು ವಾಕಿಟಾಕಿ ಹಿಡಿದುಕೊಂಡೇ ಶೆಡ್ಡಿನ ಬಾಗಿಲಿಗೆ ಓಡಿದಳು.

"ಏ, ಕೇಳಿಸ್ತಿದೆಯಾ? ಗಾಬರಿಯಾಗಬೇಡ. ಅದರಲ್ಲಿ ಇಳಿದಿಲ್ಲ. ಚೀಟಿ ತಪ್ಪಿದೆ ಅಂತ ದೋಣಿಯಲ್ಲೇ ಗೊತ್ತಾಯ್ತು ಅವಳಿಗೆ. ಸಾದಾ ಗಾಳಿಯ ಸಿಲಿಂಡರ್ ಒಂದು ಇತ್ತು, ಅದರಲ್ಲಿ ಹೋಗಿದಾಳೆ. ದಿನಾ ಅಳೆದು ನೋಡ್ತಾಳಲ್ಲ."

ಬದುಕಿದಳು ಎಂಬ ಸಮಾಧಾನ ಮೊದಲು ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು, ಗಾಯದ ಮೇಲೆ ಬರೆ ಎಳೆದ ಹಾಗೆ. ದಿನಾ. ದಿನಾ ನೋಡುತ್ತಾಳೆ. ಅವಳ ಉಸಿರು ಒಂದು ದಿನವೂ ನನ್ನ ಕೈಯಲ್ಲಿ ಇರಲೇ ಇಲ್ಲ.

ದೋಣಿ ಬಂದಾಗ ದೊಡ್ಡವಳು ಕಟ್ಟೆಯ ಮೇಲೆ ಟವೆಲ್ ಹಿಡಿದು ನಿಂತಿದ್ದಳು. ಸಾದಾ ಗಾಳಿಯಲ್ಲಿ ಇಳಿದದ್ದಕ್ಕೆ ಚಿಕ್ಕವಳು ಹಗ್ಗ ಹಿಡಿದು ತಣ್ಣೀರಿನಲ್ಲಿ ಹತ್ತು ನಿಮಿಷ ಹೆಚ್ಚು ನೇತಾಡಿ ಬಂದಿದ್ದಳು. ತುಟಿ ನೀಲಿಗಟ್ಟಿತ್ತು.

"ನೀವ್ಯಾಕೆ ಊರಿಗೆಲ್ಲಾ ಡಂಗುರ ಹೊಡೆದ್ರಿ ಅಕ್ಕಾ? ಮಾವಂಗೆ ಗೊತ್ತಾಗದ ಹಾಗೆ ಚೀಟಿ ಬದಲಾಯಿಸಿಡೋಣ ಅಂತಿದ್ದೆ."

"ಅಳೀತಿದ್ದವಳು ನನ್ನ ಮುಂದೆ ಯಾಕೆ ಅಳೀಲಿಲ್ಲ?"

ಚಿಕ್ಕವಳು ಕೂದಲಿನ ನೀರು ಹಿಂಡಿದಳು. "ಮೊದಲ ದಿನ ನೀವು ಎದ್ದು ಹೋದ್ರಿ. ಮಧ್ಯಾಹ್ನ ಊಟಾನೂ ಮಾಡಲಿಲ್ಲ. ಆಮೇಲಿಂದ ಇನ್ನೊಂದು ಮೀಟರ್ ದೋಣಿಯಲ್ಲೇ ಇಟ್ಟುಕೊಂಡೆ."

ದೊಡ್ಡವಳು ಕೈಯಲ್ಲಿದ್ದ ಟವೆಲನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಮೂರು ವರ್ಷ ಒಬ್ಬರ ಮನಸ್ಸು ನೋಯದಂತೆ ಕದ್ದು ಅಳೆಯುವುದು ತನ್ನ ಕೈಲಿ ಆಗುತ್ತಿತ್ತೇ? ಆಗುತ್ತಿರಲಿಲ್ಲ. ನೀರು ಹೋಯಿತು, ಉಡುಪು ಹೋಯಿತು, ಒಳ್ಳೆಯತನದಲ್ಲೂ ಇವಳೇ ಮುಂದೆ ಎಂದು ಆಗಲೂ ಹೊಟ್ಟೆ ಚುರ್ರೆಂದಿತು. ಕೇಳಬಾರದೆಂದುಕೊಂಡೇ ಕೇಳಿದಳು.

"ಮೂರು ವರ್ಷದಲ್ಲಿ ಎಷ್ಟು ಸಲ ತಪ್ಪಿದೀನಿ?"

"ಇವತ್ತೇ ಮೊದಲು ಅಕ್ಕಾ."

ದೊಡ್ಡವಳು ಟವೆಲನ್ನು ಅವಳ ತಲೆಯ ಮೇಲೆ ಹಾಕಿ, ಮುಖ ಕಾಣದಂತೆ, ಸ್ವಲ್ಪ ಒರಟಾಗಿಯೇ ಒರೆಸತೊಡಗಿದಳು.

"ಕೊಂಡಿ ಸಿಕ್ತಾ?"

"ಇಲ್ಲ. ಒಂದು ಸುತ್ತು ಹುಡುಕೋ ಹೊತ್ತಿಗೆ ಟೈಮ್ ಆಯ್ತು. ನಾಳೆ ಮತ್ತೆ ಇಳೀಬೇಕು."

"ಪೂರ್ವದ ಪಕ್ಕ, ಹೂಳಿನ ಒಳಗೆ ಮೊಣಕೈ ಉದ್ದ" ಎಂದಳು ದೊಡ್ಡವಳು. "ನಾಳೆ ಹೊರಡೋ ಮುಂಚೆ ನನ್ನೆದುರೇ ಅಳೆ. ನಾನು ಎದ್ದು ಹೋದರೂ ಅಳೆ."