ಭಾನುಮತಿ ಆಂಟಿಯ ಕರಿಬೇವಿನ ಸಸಿಗಳು

ಸ್ಯಾನ್ ಡಿಯೇಗೊ ಎಂದರೆ ಬರೀ ಸಮುದ್ರ ಎಂದುಕೊಂಡವರು ಒಮ್ಮೆ ವ್ಯಾಲಿ ಸೆಂಟರಿನ ಗುಡ್ಡಗಳಿಗೆ ಬಂದು ನೋಡಬೇಕು. ಅಲ್ಲಿ ನಗರಸಭೆ ಇಲ್ಲ, ಮೇಯರ್ ಇಲ್ಲ. ರಸ್ತೆಯ ಗುಂಡಿ, ಲೈಬ್ರರಿ, ಪೊಲೀಸು, ಬೀದಿಗೆ ಬಿದ್ದ ನಾಯಿ, ಮನೆಯ ಹಿಂದಿನ ಸೆಪ್ಟಿಕ್ ಟ್ಯಾಂಕು, ತರಕಾರಿ ಮಾರುವವನ ತಕ್ಕಡಿ, ಎಲ್ಲವೂ ಕೌಂಟಿಯ, ಅಂದರೆ ಜಿಲ್ಲಾಡಳಿತದ, ತಲೆಗೆ. ಆ ಕೌಂಟಿ ಎನ್ನುವುದು ಜನರ ಕಣ್ಣಿಗೆ ಬೀಳುವುದು ಮಾತ್ರ ಒಂದು ಬಿಳಿ ಪಿಕಪ್ ಟ್ರಕ್ಕಿನ ರೂಪದಲ್ಲಿ. ಅದನ್ನು ಓಡಿಸುತ್ತಿದ್ದವಳು ದಾವಣಗೆರೆಯ ತುಳಸಿ.

ತುಳಸಿ ಕೃಷಿ ಇಲಾಖೆಯ ಇನ್‌ಸ್ಪೆಕ್ಟರ್. ಗಿಡಗಳ ರೋಗದ ಬಗ್ಗೆ ಎಂ.ಎಸ್. ಮಾಡಲು ಬಂದವಳು, ಜೊತೆಗೆ ಓದಿದವರೆಲ್ಲ ಕಾರ್ಲ್ಸ್‌ಬಾಡ್‌ನ ಕಂಪನಿಗಳಲ್ಲಿ ಎ.ಸಿ. ಲ್ಯಾಬು ಸೇರಿದರೆ ಇವಳು ಬಿಸಿಲು ಆರಿಸಿಕೊಂಡಳು. ನಿಂಬೆ, ಕಿತ್ತಳೆ ಮರಗಳಿಗೆ ಹಳದಿ ಅಂಟುಕಾರ್ಡು ಕಟ್ಟುವುದು, ಮತ್ತೆ ಹೋಗಿ ಅದಕ್ಕೆ ಯಾವ ಹುಳ ಅಂಟಿದೆ ನೋಡುವುದು, ಇಷ್ಟೇ ಕೆಲಸ. ಆದರೆ ಟ್ರಕ್ಕು ನಿಲ್ಲಿಸಿದರೆ ಸಾಕು, ಒಬ್ಬರು ಬಂದು ಮೋರಿ ಕುಸಿದದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಪಕ್ಕದವನ ಕೋಳಿಗಳ ಮೇಲೆ ದೂರು ಕೊಡುತ್ತಾರೆ. ಅದು ಬೇರೆ ಇಲಾಖೆ ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಕೋವಿಡ್ ಕಾಲದಲ್ಲಂತೂ ಹುಳ ಬಿಟ್ಟು ಲಸಿಕೆಯ ಸಾಲು ನೋಡಿಕೊಳ್ಳಲು ಹಾಕಿದ್ದರು. ಕೌಂಟಿಯ ನೌಕರಿ ಎಂದರೆ ಹಾಗೆಯೇ, ಎಲ್ಲಿ ಬೆಂಕಿ ಬಿದ್ದರೂ ಬಕೆಟ್ಟು ಹಿಡಿದು ಓಡಬೇಕು. ಅವಳ ಆಯಾಸ ನಿದ್ದೆ ಮಾಡಿದರೆ ಹೋಗುವಂಥದ್ದಾಗಿ ಉಳಿದಿರಲಿಲ್ಲ.

ಅವಳು ಹುಡುಕುತ್ತಿದ್ದ ಹುಳ ಎಳ್ಳುಕಾಳಿನಷ್ಟು ಗಾತ್ರದ್ದು. ನಿಂಬೆ ಜಾತಿಯ ಮರಗಳಿಗೆ ಅದು ಅಂಟಿಸುವ ರೋಗಕ್ಕೆ ಮದ್ದಿಲ್ಲ. ರೋಗ ತಗುಲಿದ ಮರವನ್ನು ಕಡಿಯಲೇಬೇಕು. ಆ ಹುಳಕ್ಕೆ ಅಚ್ಚುಮೆಚ್ಚಿನ ಇನ್ನೊಂದು ಗಿಡ ಕರಿಬೇವು. ಕರಿಬೇವಿಗೆ ಏನೂ ಆಗುವುದಿಲ್ಲ, ಹುಳವನ್ನು ಸಾಕಿಕೊಂಡು ಹಸಿರಾಗಿ ನಗುತ್ತಿರುತ್ತದೆ. ಅದಕ್ಕೇ ಕರಿಬೇವಿನ ಗಿಡವನ್ನು ಒಂದು ಊರಿಂದ ಇನ್ನೊಂದು ಊರಿಗೆ ಒಯ್ಯಬಾರದು ಎಂದು ಕಾನೂನು. ಕನ್ನಡದವರಿಗೆ ಇದನ್ನು ಹೇಳುವುದು ತುಳಸಿಯ ಗ್ರಹಚಾರವಾಗಿತ್ತು.

ಏಕೆಂದರೆ ಅಲ್ಲಿ ಭಾನುಮತಿ ಆಂಟಿ ಇದ್ದರು. ಗಂಡ ಗಿರಿಧರ್ ಟೆಲಿಕಾಂ ಕಂಪನಿಯಿಂದ ನಿವೃತ್ತರಾದ ಮೇಲೆ ಇಬ್ಬರೂ ವ್ಯಾಲಿ ಸೆಂಟರಿನಲ್ಲಿ ಎರಡು ಎಕರೆ ಗುಡ್ಡ ಕೊಂಡು ನೆಲೆಸಿದ್ದರು. ಡೆಲ್ ಮಾರ್‌ನಿಂದ ಕಲ್ವರ್ ಸಿಟಿಯವರೆಗೆ ಯಾವ ಕನ್ನಡದವರ ಗೃಹಪ್ರವೇಶವಾದರೂ ಆಂಟಿ ಒಂದು ಕರಿಬೇವಿನ ಸಸಿಯ ಕುಂಡಕ್ಕೆ ಅರಿಶಿನ ಕುಂಕುಮ ಹಚ್ಚಿ ಒಯ್ಯುತ್ತಿದ್ದರು. ಆ ಸಸಿ ಬಾರದಿದ್ದರೆ ಮನೆ ತುಂಬಿತು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ತುಳಸಿ ಬೇಡ ಎಂದಾಗೆಲ್ಲ ಆಂಟಿ ನಕ್ಕು ಅವಳ ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಹಾಕುತ್ತಿದ್ದರು.

ಗುಡ್ಡದ ಕೆಳಗೆ ರೊಹೇಲಿಯೊ ಎಂಬ ಮುದುಕನ ಕಿತ್ತಳೆ ತೋಟ. ಅಪ್ಪನ ಜೊತೆ ತಾನೇ ನೆಟ್ಟ ಮರಗಳು. ತುಳಸಿ ಹೋದಾಗೆಲ್ಲ ಅವನು ಮೋರಿಯ ಮಾತೂ ಎತ್ತದೆ, ಕೋಳಿಯ ಮಾತೂ ಎತ್ತದೆ ಹಣ್ಣು ಸುಲಿದು ಕೊಡುತ್ತಿದ್ದ. ಇಡೀ ಸೀಮೆಯಲ್ಲಿ ಅವಳನ್ನು ಏನೂ ಕೇಳದ ಮನುಷ್ಯ ಅವನೊಬ್ಬನೇ. ಆ ತೋಟಕ್ಕೆ ರೋಗ ಹತ್ತಬಾರದು ಎನ್ನುವುದು ಅವಳಿಗೆ ಕೆಲಸವಷ್ಟೇ ಆಗಿರಲಿಲ್ಲ.

ಇಪ್ಪತ್ತಮೂರನೇ ಇಸವಿಯ ಶರತ್ಕಾಲದಲ್ಲಿ ಆಂಟಿಯ ಹಿತ್ತಲಿನ ಕಾರ್ಡಿನಲ್ಲಿ ಹುಳ ಸಿಕ್ಕಿತು. ಅದೇ ಹಿತ್ತಲಿನಿಂದ ಲ್ಯಾಬಿಗೆ ಕಳಿಸಿದ ನಿಂಬೆ ಎಲೆಯಲ್ಲಿ ರೋಗವೂ ಇತ್ತು. ಒಂದು ಶುಕ್ರವಾರ ನಿಂಬೆಮರ ಕಡಿದರು, ಕರಿಬೇವಿಗೆ ಔಷಧಿ ಹೊಡೆದರು. ಆಂಟಿ ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತ ನಿಂತರು.

"ಆಂಟಿ, ಈ ಗಿಡದಿಂದ ಯಾರ್ಯಾರಿಗೆ ಸಸಿ ಕೊಟ್ಟಿದ್ದೀರಾ, ಹೇಳ್ಬೇಕು," ಎಂದಳು ತುಳಸಿ.

"ಹೇಳ್ತೀನಮ್ಮ. ಆದ್ರೆ ನಾನೇ ಮೊದ್ಲು ಫೋನ್ ಮಾಡಿ ಒಂದು ಮಾತು ತಿಳಿಸ್ತೀನಿ. ಸಡನ್ನಾಗಿ ಟ್ರಕ್ ಬಂದು ನಿಂತ್ರೆ ಗಾಬರಿ ಆಗ್ತಾರೆ. ಸೋಮವಾರದವರೆಗೆ ಟೈಮ್ ಕೊಡು."

ನಿಯಮದ ಪ್ರಕಾರ ಅಂದೇ ಹೆಸರು ತೆಗೆದುಕೊಳ್ಳಬೇಕಿತ್ತು. ಆದರೆ ಬಾಣಂತನದಲ್ಲಿ ತನಗೆ ಸಾರು ಅನ್ನ ಹೊತ್ತು ತಂದ ಕೈ ಅದು. ಅದನ್ನು ಹಿಡಿದು ಬಾಯಿ ಬಿಡಿಸುವುದು ಹೇಗೆ? ಜೊತೆಗೆ ಅವಳಿಗೆ ಸುಸ್ತಾಗಿತ್ತು. ಆಯಿತು ಎಂದುಬಿಟ್ಟಳು.

ಸೋಮವಾರ ಆಂಟಿ ಹೇಳಿದ ಮನೆಗಳಿಗೆಲ್ಲ ಹೋದಳು. ಎಲ್ಲರೂ ಕಾಫಿ ಕೊಟ್ಟರು. ಕಾರ್ಲ್ಸ್‌ಬಾಡ್‌ನ ದೀಪ್ತಿ, "ಅಯ್ಯೋ ಅದು ಒಣಗಿ ಹೋಯ್ತಕ್ಕ, ಬಿಸಾಕಿಬಿಟ್ವಿ," ಎಂದಳು. ಡೆಲ್ ಮಾರ್‌ನಲ್ಲೂ ಒಣಗಿತ್ತು. ಇಷ್ಟು ಮನೆಗಳಲ್ಲಿ ಒಂದೇ ವಾರಾಂತ್ಯದಲ್ಲಿ ಒಣಗುವ ಗಿಡವನ್ನು ಯಾವ ವಿಶ್ವವಿದ್ಯಾಲಯವೂ ಅವಳಿಗೆ ಕಲಿಸಿರಲಿಲ್ಲ. ದೀಪ್ತಿಯ ಹಿತ್ತಲ ಕಲ್ಲಿನ ಮೇಲೆ ಕುಂಡ ಇದ್ದ ಜಾಗದಲ್ಲಿ ದುಂಡಗೆ ಒದ್ದೆ ಇನ್ನೂ ಇತ್ತು. ತುಳಸಿ ಕಾಫಿ ಮುಗಿಸಿ ಎದ್ದಳು. ಯಾರ ಮೇಲೂ ಸಿಟ್ಟು ಬರಲಿಲ್ಲ, ಸಿಟ್ಟಿಗೂ ತ್ರಾಣ ಬೇಕು.

ಚಳಿಗಾಲ ಕಳೆದು ಕಿತ್ತಳೆ ಚಿಗುರುವ ಹೊತ್ತಿಗೆ ರೊಹೇಲಿಯೊನ ತೋಟದ ಮೇಲಂಚಿನ ಕಾರ್ಡುಗಳು ಹುಳದಿಂದ ಕಪ್ಪಾಗಿದ್ದವು. ಅಷ್ಟು ಹುಳ ದೂರದಿಂದ ಗಾಳಿಯಲ್ಲಿ ತೇಲಿ ಬಂದದ್ದಲ್ಲ, ಹತ್ತಿರದಲ್ಲೇ ಎಲ್ಲೋ ಹುಟ್ಟಿದ್ದು. ಅವಳು ನೇರ ಗುಡ್ಡ ಹತ್ತಿ ಆಂಟಿಯ ಮನೆಯ ಹಿಂದಕ್ಕೆ ಹೋದಳು. ಗ್ಯಾರೇಜಿನ ಹಿಂಬದಿ, ನೆರಳುಬಲೆಯ ಕೆಳಗೆ ಕುಂಡಗಳು ಸಾಲಾಗಿ ನಿಂತಿದ್ದವು, ಒಂದೊಂದಕ್ಕೂ ಮನೆಯವರ ಹೆಸರು ಬರೆದ ಚೀಟಿ. ಕಾರ್ಲ್ಸ್‌ಬಾಡ್‌ನದು, ಡೆಲ್ ಮಾರ್‌ನದು, ಅಷ್ಟು ದೂರದ ಕಲ್ವರ್ ಸಿಟಿಯದು. ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಬೆಳಗಿನ ನೀರು, ಚಿಗುರಿನ ತುಂಬ ಹುಳ.

"ಇಲ್ಲಿ ಔಷಧಿ ಹೊಡೆದಾಗಿತ್ತಲ್ಲ, ಕೌಂಟಿಯವರು ಮತ್ತೆ ಬರಲ್ಲ ಅಂದ್ಕೊಂಡ್ವಿ," ಎಂದರು ಆಂಟಿ. "ಪಾಪ, ಎಲ್ರೂ ಕಾರಲ್ಲಿ ತಂದು ಇಟ್ಟು ಹೋದ್ರು. ತವರಿಗೆ ಬಂದ ಹಾಗೆ ಇರ್ಲಿ ಅಂತ ನೋಡ್ಕೊಂಡೆ. ನಾನು ಮಾಡಿದ್ದು ಒಳ್ಳೇದಕ್ಕೇ ಅಲ್ವೇನೆ?"

ತುಳಸಿ ಕುಂಡಗಳಿಗೆ ಚೀಲ ಮುಚ್ಚಿ ಬಾಯಿ ಕಟ್ಟಿದಳು.

ಲ್ಯಾಬಿನ ಉತ್ತರ ಬಂದ ದಿನ ತೋಟಕ್ಕೆ ಅವಳೇ ಹೋದಳು. ಮೇಲಂಚಿನ ಸಾಲಿನ ಮರಗಳಿಗೆ ರೋಗ ತಗುಲಿದೆ, ಕಡಿಯಬೇಕು, ಉಳಿದವಕ್ಕೆ ಮತ್ತೆ ಮತ್ತೆ ಔಷಧಿ ಹೊಡೆಯಬೇಕು, ಹಣ್ಣನ್ನು ಹೊರಗೆ ಸಾಗಿಸುವ ಹಾಗಿಲ್ಲ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ರೊಹೇಲಿಯೊ ಕೇಳಿಸಿಕೊಂಡ.

"ಎಲ್ಲಿಂದ ಬಂತು?"

ಅವಳು ಗುಡ್ಡದ ಕಡೆ ಕೈ ತೋರಿಸಬಹುದಿತ್ತು.

"ನನ್ನಿಂದ ಬಂತು," ಎಂದಳು. "ಒಂದು ಮನೆಯವರು ಮೂರು ದಿನ ಕೇಳಿದರು, ಕೊಟ್ಟೆ. ನಮ್ಮವರು ಅಂತ ಕೊಟ್ಟೆ."

ಮುದುಕ ರಸ್ತೆಬದಿಯ ನೀರಿನ ವಾಲ್ವಿನ ಬಳಿ ಹೋಗಿ, ಎರಡೂ ಕೈಯಿಂದ ತಿರುಗಿಸಿ ಬಂದ್ ಮಾಡಿದ. ಇಡೀ ತೋಟದ ಪೈಪುಗಳಲ್ಲಿ ಹರಿಯುತ್ತಿದ್ದ ಸದ್ದು ನಿಂತಿತು.

"ನನಗೆ ವಯಸ್ಸಾಯಿತು, ಇನ್ನು ಆಗಲ್ಲ," ಎಂದ. "ನಾನೂ ಕೌಂಟಿಯವರು ನಮ್ಮವರು ಅಂದ್ಕೊಂಡಿದ್ದೆ."

ನೀರು ನಿಂತು ಒಣಗುವ ಮರಗಳನ್ನೂ ಬೇರಿನಿಂದ ಕೀಳುವವರೆಗೆ ಯಾರಾದರೂ ಬಂದು ಹುಳ ಇದೆಯೇ ಎಂದು ನೋಡುತ್ತಿರಬೇಕು, ಅದೂ ಕೃಷಿ ಇಲಾಖೆಯ ಕೆಲಸವೇ. ಟ್ರಕ್ಕಿನಿಂದ ಹೊಸ ಹಳದಿ ಕಾರ್ಡುಗಳನ್ನು ತೆಗೆದುಕೊಂಡು, ಅವನ ಎದುರಿಗೇ, ಮೊದಲ ಮರಕ್ಕೆ ಕಟ್ಟತೊಡಗಿದಳು.