ಹೆಬ್ಬೆರಳ ಬುಡದ ಸಣ್ಣ ಗಾಯ

ಚಿಕ್ಕಪ್ಪ ಪರದೆ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದರು. ಅಂಗಡಿ ಭಾವನದು, ಎಂದರೆ ಚಿಕ್ಕಮ್ಮನ ಅಣ್ಣನದು. ಹೆಂಡತಿಯ ಅಣ್ಣನ ಬಳಿ ದುಡಿಯುವವನು ರಜೆ ಕೇಳುವುದೆಂದರೆ ಮನೆಗೆ ಜಗಳ ಕರೆದಂತೆ.

ಎದೆನೋವು ಬಂದು ಆಸ್ಪತ್ರೆ ಸೇರಿದಾಗ, ಕೈಯ ರಕ್ತನಾಳದ ಮೂಲಕ ಹೃದಯಕ್ಕೆ ಸ್ಟೆಂಟ್ ಹಾಕಬೇಕು ಎಂದರು. ಚಿಕ್ಕಪ್ಪ ಬೇಡಿಕೊಂಡದ್ದು ಒಂದೇ: ಬಲಗೈ ಕತ್ತರಿ ಹಿಡಿಯುವ ಕೈ, ಅದರ ಸುದ್ದಿಗೆ ಹೋಗಬೇಡಿ. ಎಡಗೈಯಲ್ಲಿ ಬೇರೊಂದು ತೊಡಕಿತ್ತು. ಸಕ್ಕರೆ ಕಾಯಿಲೆಯಿಂದ ಅವರ ಮೂತ್ರಪಿಂಡ ಸೋಲುತ್ತಿತ್ತು. ಮುಂದೆ ಡಯಾಲಿಸಿಸ್ ಬೇಕಾದರೆ, ಅದರ ಸೂಜಿಗೆ ದಾರಿ ಮಾಡಲು ಎಡ ಮಣಿಕಟ್ಟಿನ ರಕ್ತನಾಳ ತೆರೆದೇ ಇರಬೇಕಿತ್ತು. ಅದಕ್ಕೇ ಡಾಕ್ಟರಮ್ಮ ಮಣಿಕಟ್ಟನ್ನು ಮುಟ್ಟದೆ, ಅದೇ ನಾಳವನ್ನು ಇನ್ನೂ ಕೆಳಗೆ, ಹೆಬ್ಬೆರಳ ಬುಡದ ಗುಳಿಯಲ್ಲಿ ಹಿಡಿದು ಹೃದಯಕ್ಕೆ ಸ್ಟೆಂಟ್ ಹಾಕಿದರು. ಚಿಕ್ಕಪ್ಪ ಅಂಗೈ ಕವುಚಿ ಹೊಟ್ಟೆಯ ಮೇಲಿಟ್ಟುಕೊಂಡು ಆರಾಮಾಗಿ ಮಲಗಿದ್ದರು. ಆ ಜಾಗದಲ್ಲಿ ಕೆಳಗೇ ಮೂಳೆ ಇರುವುದರಿಂದ ಸ್ವಲ್ಪ ಒತ್ತಿದ್ದಕ್ಕೇ ರಕ್ತ ನಿಂತಿತು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಭಾರ ಎತ್ತಬಾರದು ಎಂದರು. ಆಮೇಲೆ ಚಿಕ್ಕಪ್ಪನ ಬೆರಳನ್ನೇ ಅವರ ಎಡ ಮಣಿಕಟ್ಟಿನ ಮೇಲಿಟ್ಟರು.

"ಹೊಡ್ಕೊಳ್ತಾ ಇದೆಯಲ್ಲ? ಇದು ನಿಮ್ಮ ಆಸ್ತಿ. ಜೋಪಾನ."

ಹೆಬ್ಬೆರಳ ಬುಡದಲ್ಲಿ ಉಳಿದದ್ದು ಒಂದು ಚಿಕ್ಕ ಪಟ್ಟಿ. ಅದೇ ಮುಳುವಾಯಿತು. ನೋಡಲು ಬಂದ ಭಾವನಿಗೂ ಹಿಂದೆ ಸ್ಟೆಂಟ್ ಹಾಕಿದ್ದರು, ತೊಡೆಯ ಮೂಲಕ. ಕಾಲು ಅಲ್ಲಾಡಿಸದೆ ಮಲಗಿದ್ದು, ತೊಡೆಯೆಲ್ಲ ಕಪ್ಪಾದದ್ದು, ಎಲ್ಲವನ್ನೂ ಅವರು ಗಿರಾಕಿಗಳಿಗೂ ಹೇಳಿ ಮುಗಿಸಿದ್ದರು. ಪಟ್ಟಿಯನ್ನು ಬಗ್ಗಿ ನೋಡಿ ನಕ್ಕರು.

"ಸೊಳ್ಳೆ ಕಚ್ಚಿದ್ದಕ್ಕೆ ಆಸ್ಪತ್ರೆ ಸೇರಿದ್ರಾ ಭಾವನೋರೇ?"

ನಾಳೆ ಬಟ್ಟೆಯ ಮೂಟೆ ಬರುತ್ತದೆ, ಇಳಿಸಲು ಬನ್ನಿ ಎಂದು ಹೇಳಿ ಹೋದರು.

"ಬಾಯಲ್ಲಿ ಹೇಳಿದ್ರೆ ನಮ್ಮಣ್ಣ ನಂಬಲ್ಲ, ಕಣ್ಣಿಗೆ ಕಾಣ್ಬೇಕು," ಎಂದು ಚಿಕ್ಕಮ್ಮ ಪರದೆಯ ಅಂಚಿನ ದಪ್ಪ ಪಟ್ಟಿ ತಂದು ಬೆರಳಿನಿಂದ ಮೊಣಕೈವರೆಗೆ ಸುತ್ತಿದರು. ಹೊಲಿಗೆಯವರ ಮನೆಯ ಹೆಣ್ಣುಮಗಳು. ಸಡಿಲ ಕಟ್ಟುವುದು ಅವರ ಕೈಗೆ ಗೊತ್ತಿರಲಿಲ್ಲ. ಜಾರದಿರಲೆಂದು ಮಣಿಕಟ್ಟಿನಲ್ಲಿ ಬಿಗಿದು, ಹೊಲಿಗೆಯನ್ನೂ ಹಾಕಿದರು.

ಭಾವ ನಂಬಿದರು. ಲೊಚಗುಟ್ಟುತ್ತ ಮೂಟೆಗಳನ್ನು ತಾವೇ ಇಳಿಸಿದರು. ಚಿಕ್ಕಪ್ಪನ ಬೆರಳು ಜೋಮು ಹಿಡಿಯುತ್ತಿತ್ತು, ಆದರೆ ಭಾವ ಯಾವ ಹೊತ್ತಿಗೆ ಬಂದು ಇಣುಕುತ್ತಾರೋ ಎಂದು ಅವರು ಕಟ್ಟು ಬಿಚ್ಚಲಿಲ್ಲ.

ಮರುತಪಾಸಣೆಯ ದಿನವೇ ಅದನ್ನು ಕತ್ತರಿಸಿದ್ದು. ಚರ್ಮದಲ್ಲಿ ಪಟ್ಟಿಯ ನೇಯ್ಗೆ ಅಚ್ಚೊತ್ತಿತ್ತು. ಡಾಕ್ಟರಮ್ಮ ಮಣಿಕಟ್ಟು ಹಿಡಿದರು, ಬೆರಳು ಸರಿಸಿ ಮತ್ತೆ ಹಿಡಿದರು. ನಾಡಿ ಸಿಗಲಿಲ್ಲ. ಸ್ಕ್ಯಾನ್ ಮಾಡಿಸಿದರೆ ನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಿತ್ತು.

"ನಾನು ಬೇಕು ಅಂತ್ಲೇ ಮುಟ್ಟದೆ ಬಿಟ್ಟ ಜಾಗ ಇದು. ಯಾರು ಕಟ್ಟಿದ್ದು?"

"ನಾನೇ ಕಟ್ಕೊಂಡೆ," ಎಂದರು ಚಿಕ್ಕಪ್ಪ. ಒಂದೇ ಕೈಯಲ್ಲಿ ಹೇಗೆ ಎಂದು ಡಾಕ್ಟರಮ್ಮ ಕೇಳಲಿಲ್ಲ.

ದಾರಿಯಲ್ಲಿ ಚಿಕ್ಕಮ್ಮ ಅತ್ತರು. ಅತ್ತು ಮುಗಿದ ಮೇಲೆ, ಅಣ್ಣನಿಗೆ ಮಾತ್ರ ಹೇಳಬೇಡಿ, ಕಟ್ಟಿದ್ದು ಸುಳ್ಳು ಎಂದು ಗೊತ್ತಾಗಿಬಿಡುತ್ತದೆ ಎಂದರು. ಚಿಕ್ಕಪ್ಪ ಹೂಂ ಎಂದು, ಮಾರನೆಯ ದಿನ ಅಂಗಡಿಗೆ ಹೋದರು. ಕಟ್ಟಿಲ್ಲದ ಕೈ ನೋಡಿ, ವಾಸಿಯಾಯಿತಲ್ಲ ಎಂದು ಭಾವ ಅವರಿಗೆ ಮೂಟೆ ತೋರಿಸಿದರು.