ಮಹಲಲ್ಲ, ಮುಯ್ಯಾಳು

ಐರ್ಲೆಂಡಿನ ಡನ್ ಲಿಯರಿಯ ಕಡಲ ಬದಿಯ ಸಂತೆಯಲ್ಲಿ ವೈನ್ ಮಾರುತ್ತಿದ್ದ ಹೆಂಗಸು ಬಾಟಲಿ ಎತ್ತಿ ಹಿಡಿದು, ಇದು ‘ಮೆಹಲ್’ನಿಂದ ಆದದ್ದು ಎಂದರು. ನನ್ನ ಕಿವಿಗೆ ಅದು ಮಹಲ್ ಎಂದೇ ಬಿತ್ತು. ಯಾವುದೋ ಅರಮನೆ ತೋಟದ ದ್ರಾಕ್ಷಿ ಇರಬೇಕು, ನಮಗೇಕೆ ಎಂದು ಮುಂದೆ ಹೊರಟೆ.

ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡಿದ್ದ ತಂಗಿ ಶೈಲಾ ತೋಳು ಹಿಡಿದು ನಿಲ್ಲಿಸಿದಳು. ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು ಅವಳು.

“ಅರಮನೆ ಅಲ್ಲಣ್ಣ. ಇವರೂರಲ್ಲಿ ಒಬ್ಬೊಬ್ಬರ ಹಣ್ಣಿಗೆ ಒಂದು ಪೀಪಾಯಿನೂ ತುಂಬ್ತಿರ್ಲಿಲ್ವಂತೆ. ಅದಕ್ಕೆ ಎಲ್ಲಾರ್ದೂ ಸೇರಿಸಿ ಸಂಘ ಮಾಡ್ಕೊಂಡ್ರಂತೆ. ಇವತ್ತು ಇವರ ತೋಟದಲ್ಲಿ ಎಲ್ಲಾರೂ ಕೊಯ್ಯೋದು, ನಾಳೆ ಅವರ ತೋಟದಲ್ಲಿ. ಕೂಲಿ ಇಲ್ಲ. ಅದನ್ನ ಐರಿಶ್‌ನಲ್ಲಿ ಮೆಹಲ್ ಅಂತಾರೆ.”

“ಮುಯ್ಯಾಳು ಅನ್ನು ಮತ್ತೆ!” ಎಂದು ಸಂತೆಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಚಿಕ್ಕಬಳ್ಳಾಪುರದ ಪಕ್ಕದ ನಮ್ಮೂರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘ ಹುಟ್ಟಿದ್ದೂ ಹೀಗೆಯೇ. ನಮ್ಮಪ್ಪನ ಚಪ್ಪರದ ಕಲ್ಲುಕಂಬಗಳನ್ನು ನೆಟ್ಟವರು ನೆರೆಹೊರೆಯವರು. ಅವರ ಕಂಬಗಳನ್ನು ನೆಟ್ಟಿದ್ದು ನಮ್ಮಪ್ಪ. ಇವತ್ತಿಗೂ ನಮ್ಮಲ್ಲಿ ಕೊಯ್ಲು ಮುಯ್ಯಾಳಿನಲ್ಲೇ. ಇದಿಷ್ಟನ್ನೂ ಒಂದು ಮಾತು ಬಿಡದೆ ಈ ವೈನಿನವರಿಗೆ ಹೇಳು ಎಂದು ಶೈಲಾಳ ಬೆನ್ನು ಹತ್ತಿದೆ.

ಶೈಲಾ ಹೇಳಿದ್ದನ್ನೆಲ್ಲ ಕೇಳಿ ಆ ಹೆಂಗಸು ಒಂದು ಲೋಟ ವೈನ್ ಸುರಿದು ನನ್ನ ಕೈಗಿತ್ತರು. ಅಕ್ಟೋಬರಿನಲ್ಲಿ ನಮ್ಮ ಕೊಯ್ಲು, ಬನ್ನಿ ಎಂದರು.

“ಬರ್ತೀನಿ ಅನ್ನು ಶೈಲಾ. ಆದ್ರೆ ಮುಯ್ಯಿ ತೀರ್ಸೋಕೆ ಅವರೂ ನಮ್ಮೂರಿಗೆ ಬರ್ಬೇಕು.”

ನಾನು ತಮಾಷೆಗೆ ಅಂದಿದ್ದೆ. ಆಕೆ ನಗಲಿಲ್ಲ.

“ಗ್ರ್ಯಾಂಡ್, ಆಗಲಿ,” ಎಂದರು. “ನಿಮ್ಮಲ್ಲಿ ಕೊಯ್ಲು ಯಾವ ತಿಂಗಳು?”